ವಕಾಲತ್ತು ನಿರಾಕರಣೆ ಅಕ್ಷಮ್ಯ

ಆರೋಪಿಯ ಪರ ಯಾರೂ ವಕಾಲತ್ತು ವಹಿಸಕೂಡದು ಎಂದು ವಕೀಲರ ಸಂಘವೊಂದು ನಿರ್ಣಯ ಮಾಡಿದರೆ ಅದು ಕಾನೂನಿನ ಕಣ್ಣಲ್ಲಿ ಶೂನ್ಯ. 2010ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿದೆ. ಆಗ ವಿಚಾರಣೆಗೆ ಬಂದಿದ್ದು ಕೊಯಮತ್ತೂರಿನ ಪ್ರಕರಣ. ಅಲ್ಲಿನ ವಕೀಲರು ಆರೋಪಿಗಳಾಗಿದ್ದ ಪೊಲೀಸರ ಪರ ವಾದಿಸುವುದಿಲ್ಲವೆಂದು ಪಟ್ಟು ಹಿಡಿದಿದ್ದರು. ಇಂತಹ ನಿರ್ಣಯಗಳು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ ಎಂದು ನ್ಯಾಯಪೀಠ ಸಾರಿತು. ಅದಾಗಿ ಹತ್ತು ವರ್ಷ ತುಂಬುವ ಮೊದಲೇ, 2020ರ ಆರಂಭದಲ್ಲಿ, ಕರ್ನಾಟಕದ ಎರಡು ನಗರಗಳ ವಕೀಲರ ಸಂಘಗಳು ಅದೇ ತಪ್ಪು ಮಾಡಿದವು. ಮೈಸೂರಿನಲ್ಲಿ ಪ್ರತಿಭಟನೆಯೊಂದರಲ್ಲಿ ಫಲಕ ಹಿಡಿದ ಯುವತಿಯ ಪರ ಯಾರೂ ನಿಲ್ಲಬಾರದೆಂದು ತೀರ್ಮಾನವಾಯಿತು. ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳಿಗೆ ಬಾಗಿಲು ಮುಚ್ಚಲಾಯಿತು.

ಆ ವಿದ್ಯಾರ್ಥಿಗಳು ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸಲು ನ್ಯಾಯಾಲಯವಿದೆ, ವಕೀಲರ ಸಂಘದ ಸಭೆಗೆ ಆ ಅಧಿಕಾರವಿಲ್ಲ. ಅವರ ಪರ ನಿಲ್ಲಲು ಬೆಂಗಳೂರಿನಿಂದ ಬಂದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡದ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಜಾಮೀನು ಅರ್ಜಿ ಸಲ್ಲಿಸಲು ಬಂದ ವಕೀಲರಿಗೆ ಅವರ ಸಹೋದ್ಯೋಗಿಗಳೇ ಅಡ್ಡಿಯಾದ ಆ ದಿನ ರಾಜ್ಯದ ವಕೀಲ ವೃತ್ತಿಯ ಇತಿಹಾಸದಲ್ಲಿ ಒಂದು ಕಳಂಕ. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ನೇತೃತ್ವದ ಹೈಕೋರ್ಟ್ ಪೀಠ ಕಟುವಾಗಿ ಮಾತಾಡಿದ ಮೇಲಷ್ಟೇ ಹುಬ್ಬಳ್ಳಿ ಸಂಘ ತನ್ನ ಪಟ್ಟು ಸಡಿಲಿಸಿತು.

ಮುಂದೇನಾಯಿತು ಎಂಬುದನ್ನು ಪ್ರತಿಯೊಬ್ಬ ನಾಗರಿಕನೂ ತಿಳಿದಿರಬೇಕು. ನಿಗದಿತ ಅವಧಿಯೊಳಗೆ ದೋಷಾರೋಪ ಪಟ್ಟಿ ಬಾರದ ಕಾರಣ ಅದೇ ವರ್ಷದ ಜೂನ್‌ನಲ್ಲಿ ಆ ವಿದ್ಯಾರ್ಥಿಗಳಿಗೆ ಜಾಮೀನು ಸಿಕ್ಕಿತು. ಅಪರಾಧದ ಗಂಭೀರತೆಗೆ ತಕ್ಕಂತೆ 60 ಅಥವಾ 90 ದಿನಗಳಲ್ಲಿ ತನಿಖೆ ಮುಗಿಯದಿದ್ದರೆ ಜಾಮೀನು ಪಡೆಯುವುದು ಆರೋಪಿಯ ಹಕ್ಕು, ನ್ಯಾಯಾಧೀಶರ ದಯೆಯಲ್ಲ. ಆದರೆ ಆ ಹಕ್ಕು ತಾನಾಗಿ ಒಲಿದು ಬರುವುದಿಲ್ಲ. ಗಡುವು ಮುಗಿದ ಮೇಲೆ, ದೋಷಾರೋಪ ಪಟ್ಟಿ ಸಲ್ಲಿಕೆಯಾಗುವ ಮೊದಲು, ಅರ್ಜಿ ಹಾಕಿ ಕೇಳಬೇಕು. ಒಂದು ದಿನ ತಡವಾಗಿ, ಅಷ್ಟರೊಳಗೆ ಪಟ್ಟಿ ಬಂದುಬಿಟ್ಟರೆ ಹಕ್ಕು ಕೈತಪ್ಪುತ್ತದೆ. ದಿನ ಎಣಿಸುವ ವಕೀಲನಿಲ್ಲದ ಬಡ ಕೈದಿ ಇದನ್ನು ಹೇಗೆ ಕೇಳಿಯಾನು? ದೇಶದ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ಅವರಲ್ಲಿ ಎಷ್ಟೋ ಮಂದಿ ತಮ್ಮ ಪ್ರಕರಣ ಎಲ್ಲಿಗೆ ಬಂತು ಎಂಬುದನ್ನೂ ಅರಿಯದೆ ವಾಯಿದೆಯಿಂದ ವಾಯಿದೆಗೆ ಸಾಗುತ್ತಾರೆ. ವಕಾಲತ್ತು ನಿರಾಕರಿಸುವವರು ಕೊಡುತ್ತಿರುವುದು ಶಿಕ್ಷೆಯೇ, ಅದೂ ವಿಚಾರಣೆಯಿಲ್ಲದೆ.

ಘೋರ ಅಪರಾಧ ನಡೆದಾಗ ಜನ ಕೆರಳುವುದು ಸಹಜ. ಹೆಣ್ಣುಮಗುವಿನ ಮೇಲೆ ಅತ್ಯಾಚಾರ ಎಸಗಿದವನಿಗೆ ವಕೀಲ ಏಕೆ ಎಂದು ನೊಂದವರು ಕೇಳಿದರೆ ಆ ನೋವು ನಮಗೆ ಅರ್ಥವಾಗುತ್ತದೆ. ಆದರೆ ಕಾನೂನು ಓದಿದವರು ಅದೇ ಪ್ರಶ್ನೆ ಕೇಳಿದರೆ ಒಪ್ಪಲಾಗದು. ಮಧ್ಯಪ್ರದೇಶದ ಖಂಡ್ವಾದಲ್ಲಿ 2013ರಲ್ಲಿ ಇಂಥದ್ದೇ ಪ್ರಕರಣವೊಂದರಲ್ಲಿ ಕೆಲವೇ ವಾರಗಳಲ್ಲಿ ಮರಣದಂಡನೆ ಘೋಷಣೆಯಾಯಿತು. ಆರೋಪಿಗೆ ನೇಮಕವಾದ ವಕೀಲರಿಗೆ ಕಡತ ಓದಲೂ ಪುರುಸೊತ್ತು ಸಿಗಲಿಲ್ಲ, ನೇಮಕವಾದ ದಿನವೇ ದೋಷಾರೋಪ ಹೊರಿಸಲಾಯಿತು. ಸುಪ್ರೀಂ ಕೋರ್ಟ್ 2019ರಲ್ಲಿ ಇಡೀ ತೀರ್ಪನ್ನೇ ರದ್ದುಪಡಿಸಿ ಹೊಸದಾಗಿ ವಿಚಾರಣೆ ನಡೆಸಲು ಆದೇಶಿಸಿತು. ಆರು ವರ್ಷ ಕಾದ ಆ ಮಗುವಿನ ಹೆತ್ತವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಸರಿಯಾದ ಪ್ರತಿವಾದ ಇಲ್ಲದ ಕಡೆ ಸಂತ್ರಸ್ತರಿಗೂ ನ್ಯಾಯ ದಕ್ಕುವುದಿಲ್ಲ. ಆರೋಪಿ ತಪ್ಪಿತಸ್ಥನೆಂದು ಸ್ವತಃ ನಂಬಿದ್ದರೂ ಅವನ ಪರ ವಾದಿಸುವುದು ವಕೀಲನ ಕರ್ತವ್ಯ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಹೇಳುತ್ತವೆ. ಸನ್ನದು ಪಡೆದವರೆಲ್ಲರೂ ಈ ನಿಯಮಕ್ಕೆ ಬದ್ಧರು.

ವಕೀಲರ ಸಂಘಗಳ ಮೇಲಷ್ಟೇ ಹೊಣೆ ಹೊರಿಸಿ ಸುಮ್ಮನಾಗುವಂತಿಲ್ಲ. ಭಾಗಲ್ಪುರದಲ್ಲಿ ಪೊಲೀಸರು ಕೈದಿಗಳನ್ನು ಕುರುಡರನ್ನಾಗಿಸಿದ ಪ್ರಕರಣದಲ್ಲಿ, ಆ ನತದೃಷ್ಟರಿಗೆ ವಕೀಲರನ್ನೇಕೆ ಒದಗಿಸಲಿಲ್ಲ ಎಂಬ ಪ್ರಶ್ನೆ ಬಂದಾಗ ಸಿಕ್ಕ ಉತ್ತರ, ಅವರು ಕೇಳಲಿಲ್ಲ ಎಂಬುದು. ಕೇಳದಿದ್ದರೂ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ ಆಗಲೇ ಹೇಳಿತು. 1986ರಲ್ಲಿ ಅರುಣಾಚಲ ಪ್ರದೇಶದ ಸುಕ್ ದಾಸ್ ಪ್ರಕರಣದಲ್ಲಿ ವಕೀಲರಿಲ್ಲದೆ ನಡೆದ ವಿಚಾರಣೆಯ ಶಿಕ್ಷೆಯನ್ನೇ ಅಳಿಸಿತು. 2012ರಲ್ಲಿ ಕಸಬ್ ಪ್ರಕರಣದ ತೀರ್ಪಿನಲ್ಲಿ ಮ್ಯಾಜಿಸ್ಟ್ರೇಟರ ಆ ಕರ್ತವ್ಯವನ್ನೇ ಮತ್ತೊಮ್ಮೆ ಒತ್ತಿ ಹೇಳಿತು. ಇಷ್ಟು ಸಲ ಹೇಳಿಸಿಕೊಳ್ಳಬೇಕಾಗಿ ಬಂದುದೇ ಕೆಳಹಂತದ ನ್ಯಾಯಾಲಯಗಳ ಉದಾಸೀನಕ್ಕೆ ಸಾಕ್ಷಿ. ಸಂಜೆಯ ಹೊತ್ತಿಗೆ ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿದ ಕೂಲಿಕಾರನಿಗೆ ‘ನಿನಗೆ ವಕೀಲರಿದ್ದಾರಾ?’ ಎಂದು ಅವನ ಭಾಷೆಯಲ್ಲಿ ಕೇಳಲು ಅರ್ಧ ನಿಮಿಷ ಸಾಕು. ಅದಕ್ಕೂ ಮೊದಲೇ ರಿಮ್ಯಾಂಡ್ ಅರ್ಜಿಗೆ ಸಹಿ ಬಿದ್ದರೆ ಅದು ಕರ್ತವ್ಯಲೋಪ.

ಠಾಣೆಯಿಂದ ಕರೆ ಬಂದಾಗ ಮನೆಯವರು ನೆನಪಿಡಬೇಕಾದ ಸಂಗತಿಗಳು ಹೆಚ್ಚೇನಿಲ್ಲ, ಆದರೆ ಪ್ರತಿಯೊಂದೂ ಕಾನೂನಿನ ಬಲವಿರುವಂಥದ್ದು. ಬಂಧನದ ಕಾರಣವನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲಿ ಕೊಡಬೇಕು. ಬಂಧಿಸಿದ ವಿಷಯವನ್ನು ಬಂಧುವಿಗೋ ಸ್ನೇಹಿತನಿಗೋ ತಿಳಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪೊಲೀಸರು ವಿಚಾರಣೆ ನಡೆಸುವಾಗ ಉದ್ದಕ್ಕೂ ಅಲ್ಲದಿದ್ದರೂ ವಕೀಲರನ್ನು ಭೇಟಿಯಾಗುವ ಹಕ್ಕಿದೆ. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ, ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದೂ ಇಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಾರಣ ದಾಖಲಿಸದೆ ಯಾಂತ್ರಿಕವಾಗಿ ಬಂಧಿಸಕೂಡದು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ತಾಕೀತು ಮಾಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯೂ ಈ ರಕ್ಷಣೆಗಳನ್ನು ಉಳಿಸಿಕೊಂಡಿದೆ.

ವಕೀಲರನ್ನು ಹುಡುಕುವಾಗಲೇ ಹೆಚ್ಚಿನವರು ಮೋಸ ಹೋಗುವುದು. ಠಾಣೆಯ ಆವರಣದಲ್ಲೇ ಯಾರದೋ ಫೋನ್ ನಂಬರ್ ಕೈಗಿತ್ತು ‘ಇವರ ಹತ್ರ ಹೋಗಿ, ಕೆಲಸ ಆಗುತ್ತೆ’ ಎನ್ನುವ ದಲ್ಲಾಳಿಯನ್ನು ನಂಬಬಾರದು. ನಾಳೆಯೇ ಜಾಮೀನು ಖಂಡಿತ ಎಂದು ಭರವಸೆ ಕೊಡುವವರಿಂದಲೂ ದೂರವಿರುವುದೇ ಮೇಲು. ಕ್ರಿಮಿನಲ್ ಪ್ರಕರಣಗಳನ್ನೇ ನಡೆಸುವ, ಆ ನ್ಯಾಯಾಲಯದಲ್ಲಿ ದಿನವೂ ಓಡಾಡುವ ವಕೀಲರು ಯಾರೆಂದು ನಾಲ್ಕು ಜನರಲ್ಲಿ ವಿಚಾರಿಸಬೇಕು. ಸನ್ನದಿನ ಸಂಖ್ಯೆ ಕೇಳುವುದು ಅಗೌರವವಲ್ಲ. ಶುಲ್ಕ ಎಷ್ಟು, ಯಾವ ಹಂತದವರೆಗೆ ಎಂಬುದನ್ನು ಮೊದಲೇ ಮಾತಾಡಿ ರಸೀದಿ ಪಡೆಯಬೇಕು. ಖಾಲಿ ಹಾಳೆಗೆ ಸಹಿ ಹಾಕಲೇಬಾರದು. ನಂಬಿಕೆ ಕುಸಿದರೆ ವಕೀಲರನ್ನು ಬದಲಿಸಬಹುದು. ಬಾಕಿ ಶುಲ್ಕದ ನೆಪವೊಡ್ಡಿ ಕಡತ ಹಿಡಿದಿಟ್ಟುಕೊಳ್ಳಲು ವಕೀಲರಿಗೆ ಅಧಿಕಾರವಿಲ್ಲ ಎಂದು 2000ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಹಣವಿಲ್ಲದವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಬಂಧನದಲ್ಲಿರುವ ಯಾರಿಗೇ ಆಗಲಿ ಆದಾಯದ ಮಿತಿ ಅಡ್ಡಬಾರದು. ತಾಲ್ಲೂಕು ನ್ಯಾಯಾಲಯದಲ್ಲೇ ಕಾನೂನು ಸೇವೆಗಳ ಸಮಿತಿ ಇದೆ, 15100ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ. ಉಚಿತ ವಕೀಲರೆಂದರೆ ಕಾಟಾಚಾರದವರು ಎಂಬ ಭಾವನೆ ಜನರಲ್ಲಿ ಬೇರೂರಿದೆ. ಅದಕ್ಕೆ ಕಾರಣವೂ ಇದೆ: ಅವರಿಗೆ ಸಿಗುವ ಗೌರವಧನ ಅಲ್ಪ, ಅದೂ ಹೊತ್ತಿಗೆ ಸರಿಯಾಗಿ ಕೈಸೇರದು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2022ರಲ್ಲಿ ರೂಪಿಸಿದ, ಪೂರ್ಣಾವಧಿ ವಕೀಲರನ್ನು ನೇಮಿಸಿ ಆರೋಪಿಗಳ ಪರ ಕೆಲಸ ಮಾಡಿಸುವ ವ್ಯವಸ್ಥೆ ಸರಿಯಾದ ಹೆಜ್ಜೆ. ಅದಕ್ಕೆ ಹಣ ಕೊಡುವಾಗ ಸರ್ಕಾರ ಕೈ ಬಿಗಿ ಹಿಡಿಯಬಾರದು.

ರಾಜ್ಯ ವಕೀಲರ ಪರಿಷತ್ತು ಇನ್ನು ಮೌನವಾಗಿರುವಂತಿಲ್ಲ. ವಕಾಲತ್ತು ಬಹಿಷ್ಕಾರದ ನಿರ್ಣಯ ಮಾಡಿದ ಸಂಘದ ಪದಾಧಿಕಾರಿಗಳಿಗೆ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಅಡಿ ನೋಟಿಸ್ ಹೋಗಬೇಕು, ನ್ಯಾಯಾಲಯದ ಆವರಣದಲ್ಲಿ ಸಹೋದ್ಯೋಗಿಯನ್ನು ತಡೆದವರ ಸನ್ನದನ್ನು ಅಮಾನತಿನಲ್ಲಿಡಬೇಕು. ಹೈಕೋರ್ಟ್ ಮಧ್ಯಪ್ರವೇಶಿಸಲಿ ಎಂದು ಕಾದು ಕೂರದೆ ಪರಿಷತ್ತು ತಾನಾಗಿ ದೂರು ದಾಖಲಿಸಿಕೊಳ್ಳಬೇಕು. ಹಾಗೆ ಮಾಡುವ ಅಧಿಕಾರವನ್ನು ಅದೇ ಸೆಕ್ಷನ್ ಪರಿಷತ್ತಿಗೆ ಕೊಟ್ಟಿದೆ.