ಅಂಗಾಲಿನ ಉರಿ ಮತ್ತು ಜೋಡಿ ಗುಳಿಗೆ



ಸಕ್ಕರೆ ಕಾಯಿಲೆಯಲ್ಲಿ ಹಲವು ವರ್ಷ ಕಳೆದ ಹಿರಿಯರು ನಮ್ಮಲ್ಲಿ ಪದೇ ಪದೇ ಹೇಳಿಕೊಳ್ಳುವ ಬಾಧೆಯೊಂದಿದೆ. ರಾತ್ರಿಯಾದೊಡನೆ ಅಂಗಾಲು ಉರಿಯುತ್ತದೆ, ಜೋಮು ಹಿಡಿಯುತ್ತದೆ, ಸೂಜಿ ಚುಚ್ಚಿದಂತಾಗುತ್ತದೆ. ಇದನ್ನು ಉಷ್ಣವೆಂದು ಬಗೆದು ಹರಳೆಣ್ಣೆ ಸವರಿ ಸುಮ್ಮನಾಗುವವರೇ ಹೆಚ್ಚು. ಘಾಸಿಗೊಂಡ ನರಗಳು ಇಲ್ಲದ ಬೆಂಕಿಯ ಸುದ್ದಿಯನ್ನು ಮಿದುಳಿಗೆ ಒಯ್ಯುವುದೇ ಇದರ ಮೂಲ. ಆದುದರಿಂದ ಸಾಮಾನ್ಯ ನೋವಿನ ಗುಳಿಗೆಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ.

ವೈದ್ಯರು ಇದಕ್ಕೆ ಪ್ರಿಗ್ಯಾಬಲಿನ್, ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್ ಮೊದಲಾದವನ್ನು ಕೊಡುತ್ತಾರೆ. ಬ್ರಿಟನ್ನಿನಲ್ಲಿ 130 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯು, ಈ ಮೂರರಲ್ಲಿ ಯಾವುದರಿಂದ ತೊಡಗಿದರೂ ಫಲವು ಹೆಚ್ಚುಕಡಿಮೆ ಸಮವೆಂದೂ, ಒಂದರಿಂದ ಸಾಕಷ್ಟು ಶಮನವಾಗದವರಿಗೆ ಮತ್ತೊಂದನ್ನು ಕೂಡಿಸಿದರೆ ನೋವು ಇನ್ನಷ್ಟು ಇಳಿಯುವುದೆಂದೂ ತೋರಿಸಿತು.

ನಮ್ಮ ಔಷಧದ ಅಂಗಡಿಗಳಲ್ಲಿ ಪ್ರಿಗ್ಯಾಬಲಿನ್ ಜೊತೆಗೆ ಮೀಥೈಲ್‌ಕೋಬಾಲಮಿನ್, ಅಂದರೆ ಬಿ12 ಜೀವಸತ್ವ, ಸೇರಿದ ಜೋಡಿ ಗುಳಿಗೆ ಬಹುವಾಗಿ ದೊರೆಯುತ್ತದೆ. ನಮ್ಮ ಮನೆಗಳವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಕಾಳು, ಕಾಯಿಪಲ್ಲೆಗಳಲ್ಲಿ ಬಿ12 ಇರುವುದಿಲ್ಲ. ಸಸ್ಯಾಹಾರಿಗಳಾದ ನಮಗೆ ಹಾಲು, ಮೊಸರುಗಳೇ ಅದರ ಆಸರೆ. ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ಸೇವಿಸಿದರೆ ಆ ಅಲ್ಪವೂ ಮೈಗೆ ಸರಿಯಾಗಿ ಹತ್ತದೆ ಹೋಗಬಹುದು. ಬಿ12 ಕೊರತೆಯೂ ನರಗಳನ್ನು ಕೆಡಿಸುವುದರಿಂದ, ಎಲ್ಲವನ್ನೂ ಸಕ್ಕರೆಯ ತಲೆಗೆ ಕಟ್ಟದೆ ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ಲೇಸು. ಕೊರತೆಯಿದ್ದರೆ ಗುಳಿಗೆ, ಚುಚ್ಚುಮದ್ದುಗಳಿಂದ ತುಂಬಿಕೊಳ್ಳಬಹುದು. ಆಹಾರದ ನಿಯಮವನ್ನು ಬಿಡಬೇಕಾಗಿಲ್ಲ. ಕೊರತೆಯಿಲ್ಲದವರು ಆ ಜೀವಸತ್ವವೊಂದರಿಂದಲೇ ನೋವು ನೀಗುವುದೆಂದು ನಂಬಿ ಕೂರಬಾರದು.

ಜೋಡಿ ಔಷಧವೆಂದರೆ ಜೋಡಿ ಎಚ್ಚರವೂ ಹೌದು. ಪ್ರಿಗ್ಯಾಬಲಿನ್‌ನಿಂದ ಮಂಪರು, ತಲೆಸುತ್ತು ಬರುವುದುಂಟು. ನಸುಕಿನಲ್ಲೆದ್ದು ಪೂಜೆಗೆ ಅಣಿಯಾಗುವ ವೃದ್ಧರು ಆಯತಪ್ಪಿ ಬಿದ್ದಾರು. ಮೂತ್ರಪಿಂಡ ಸೊರಗಿದವರಿಗೆ ಅದರ ಪ್ರಮಾಣ ಕಡಿಮೆಯಾಗಬೇಕು. ಅಮಿಟ್ರಿಪ್ಟಿಲಿನ್ ಬಾಯಿ ಒಣಗಿಸುತ್ತದೆ, ಮೂತ್ರವನ್ನು ಕಟ್ಟಿಸಬಹುದು. ಹೃದ್ರೋಗವುಳ್ಳವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಈ ಔಷಧಗಳನ್ನು ಹಠಾತ್ತನೆ ನಿಲ್ಲಿಸಬಾರದು. ನೆರೆಯವರ ಚೀಟಿ ನೋಡಿ ಕೊಳ್ಳಲೂಬಾರದು.

ನೋವು ಶಮನವಾದ ಮಾತ್ರಕ್ಕೆ ನರ ವಾಸಿಯಾಯಿತೆಂದಲ್ಲ. ಸಕ್ಕರೆ ಹತೋಟಿಯಲ್ಲಿರಲಿ. ಸ್ಪರ್ಶ ಕಳೆದುಕೊಂಡ ಕಾಲಿಗೆ ಮುಳ್ಳು ಚುಚ್ಚಿದರೂ, ಕಾದ ಕಲ್ಲು ಸುಟ್ಟರೂ ತಿಳಿಯದು. ಶ್ರೀಶೈಲದ ಪಾದಯಾತ್ರೆಗೆ ಹೊರಡುವ ಇಂಥವರು ಬರಿಗಾಲಿನ ಹರಕೆಯನ್ನು ಬಿಟ್ಟು ಪಾದರಕ್ಷೆ ತೊಡಲಿ. ಮನೆಯ ಮಕ್ಕಳು ಪ್ರತಿರಾತ್ರಿ ಹಿರಿಯರ ಅಂಗಾಲುಗಳನ್ನು ದೀಪ ಹಿಡಿದು ನೋಡಲಿ. ಕಾಯವಿದ್ದರೆ ತಾನೆ ಕಾಯಕವೂ ದಾಸೋಹವೂ? ಅದರ ಜತನವೂ ಶರಣಧರ್ಮವೇ ಎಂದು ನಾವು ಬಗೆಯುತ್ತೇವೆ.