ಒಣಗಿದ ಹೂವಿಗೂ ಬೆಲೆಯಿದೆ ಸ್ವಾಮಿ!

ಮಲಾಡ್‌ನಲ್ಲಿ ನಮ್ಮವರದೇ ಒಂದು ಮಾರಾಟ ಮೇಳ. ಒಣಹೂವಿನ ಬುಟ್ಟಿಗಳನ್ನು ಹರಡಿಕೊಂಡು ಕೂತಿದ್ದೆ. "ಒಣಗಿದ ಹೂವಿಗೆ 300 ರೂಪಾಯಾ?" ಅಂದರು ಊರಿನ ಕಡೆಯ ಅಕ್ಕ ಒಬ್ಬರು.

ಅಲ್ಲ ಸ್ವಾಮಿ, ಬೆಳಗಿನ ಲೋಕಲ್ ಹಿಡಿದು ದಾದರ್ ಹೂವಿನ ಮಾರ್ಕೆಟ್ಟಿಗೆ ಹೋಗಿ ಪೂರ್ತಿ ಅರಳದ ಗುಲಾಬಿಗಳನ್ನೇ ಆರಿಸಬೇಕು. ಸಿಲಿಕಾ ಜೆಲ್‌ನಲ್ಲಿ ದಿನಗಟ್ಟಲೆ ಹೂತಿಡಬೇಕು. ಬಿಸಿಲಿಗಿಟ್ಟರೆ ಬಣ್ಣ ಹೋಯಿತು. ಮುಂಬಯಿ ಮಳೆಗಾಲದಲ್ಲಂತೂ ಗಾಳಿಯ ತೇವಕ್ಕೇ ಎಸಳು ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಅದೇ ಅಕ್ಕ ಮಾಲ್‌ನಲ್ಲಿ ಪ್ಲಾಸ್ಟಿಕ್ ಹೂವಿಗೆ ಕೇಳಿದಷ್ಟು ಕೊಟ್ಟು ಬರುತ್ತಾರೆ, ಚೌಕಾಸಿ ಇಲ್ಲ! ತೂತ್ತುಕುಡಿ, ಕೋಲ್ಕತ್ತಗಳಿಂದ ಇದೇ ಒಣಹೂ ಹಡಗು ಹತ್ತಿ ಯುರೋಪು, ಅಮೆರಿಕಕ್ಕೆ ಹೋಗುತ್ತದೆ. ನಮ್ಮವರಿಗೆ ಮಾತ್ರ ಇದು 'ಹೆಂಗಸರ ಟೈಂಪಾಸ್'.

ತಪ್ಪು ನಮ್ಮದೂ ಇದೆ ಅನ್ನಿ. ಹೂವು, ಅಂಟು, ಬುಟ್ಟಿಯ ದುಡ್ಡು ಲೆಕ್ಕ ಹಾಕುತ್ತೇವೆ, ಕೂತ ಗಂಟೆಗಳನ್ನು ಬರೆಯುವುದೇ ಇಲ್ಲ. ಈ ಸಲ ಬರೆದೆ. 450 ಆಗಬೇಕಿತ್ತು! ಮುಂದಿನ ಮೇಳದಲ್ಲಿ ಚೀಟಿಯ ಮೇಲೆ ಅದೇ ಇರುತ್ತದೆ.