ಜ್ಯೂರಿ ಪೀಠದಲ್ಲಿ ಪೊಲೀಸರಿಗೇನು ಕೆಲಸ?

ಲಂಡನ್ನಿನ ವುಲ್ವಿಚ್ ಕ್ರೌನ್ ಕೋರ್ಟಿನಲ್ಲಿ ನಡೆದ ಹಲ್ಲೆ ಪ್ರಕರಣವೊಂದನ್ನು ನೋಡಿ. ಶಂಕಿತನ ಜೇಬು ತಡಕುತ್ತಿದ್ದ ಪೊಲೀಸ್ ಸಾರ್ಜೆಂಟರಿಗೆ ಸಿರಿಂಜಿನ ಸೂಜಿ ಚುಚ್ಚಿತು. ಆಗ ನಡೆದದ್ದೇನು ಎಂಬುದಕ್ಕೆ ಸಾರ್ಜೆಂಟರು ಹೇಳುವುದೇ ಒಂದು, ಆರೋಪಿ ಹೇಳುವುದೇ ಇನ್ನೊಂದು. ಯಾರ ಮಾತು ನಿಜ ಎಂದು ತೀರ್ಮಾನಿಸಬೇಕಾದ ಹನ್ನೆರಡು ಮಂದಿಯಲ್ಲಿ ಒಬ್ಬರು ಸ್ವತಃ ಪೊಲೀಸ್! ಒಂದು ಕಾಲಕ್ಕೆ ಅವರೂ ಆ ಸಾರ್ಜೆಂಟರೂ ಒಂದೇ ಠಾಣೆಯಲ್ಲಿದ್ದವರು. ಪರಸ್ಪರ ಪರಿಚಯವಿರಲಿಲ್ಲ, ಅಷ್ಟೆ. ಆರೋಪಿ ತಪ್ಪಿತಸ್ಥನೆಂದು ತೀರ್ಮಾನವಾಯಿತು.

2007ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ತೀರ್ಮಾನವನ್ನು ರದ್ದು ಮಾಡಿತು. ಐವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಅದಕ್ಕೂ ಒಪ್ಪಲಿಲ್ಲ. ಅದೇ ದಿನ, ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ಪೊಲೀಸ್ ಅಧಿಕಾರಿಯೇ ಜ್ಯೂರಿಯ ಮುಖ್ಯಸ್ಥನಾಗಿದ್ದ ಇನ್ನೊಂದು ಮೊಕದ್ದಮೆಯ ತೀರ್ಪನ್ನು ಎತ್ತಿಹಿಡಿಯಲಾಯಿತು. ಅಲ್ಲಿ ಪೊಲೀಸರ ಸಾಕ್ಷ್ಯ ವಿವಾದದಲ್ಲಿರಲಿಲ್ಲವಂತೆ. ವಿಚಾರಣೆ ಶುರುವಾಗುವ ಮೊದಲೇ ಯಾವ ಸಾಕ್ಷ್ಯ ವಿವಾದಕ್ಕೆ ಬೀಳುತ್ತದೆಂದು ಬಲ್ಲವರು ಯಾರು?

ಮೊದಲು ಪೊಲೀಸರೂ ಸರ್ಕಾರಿ ಪ್ರಾಸಿಕ್ಯೂಟರುಗಳೂ ಜ್ಯೂರಿಯಲ್ಲಿ ಕೂರುವಂತಿರಲಿಲ್ಲ. ನ್ಯಾಯಮೂರ್ತಿ ರಾಬಿನ್ ಆಲ್ಡ್ ಅವರ 2001ರ ವರದಿಯನ್ನು ಅನುಸರಿಸಿ 2003ರ ಕಾಯ್ದೆ ಆ ತಡೆಯನ್ನು ಕಿತ್ತುಹಾಕಿತು. ವೈದ್ಯರು, ವಕೀಲರು ಜ್ಯೂರಿ ಕೆಲಸದಿಂದ ನುಣುಚಿಕೊಳ್ಳಬಾರದು ಎಂಬುದು ಸರಿಯೇ. ಆದರೆ ಆರೋಪಿಯನ್ನು ಹಿಡಿದು ತಂದ ಇಲಾಖೆಯವರೇ ಅವನ ತಪ್ಪೊಪ್ಪು ತೀರ್ಮಾನಿಸುವುದನ್ನು ಹೇಗೆ ಒಪ್ಪುವುದು?

ಹನ್ನೆರಡು ಮಂದಿಯಲ್ಲಿ ಒಬ್ಬನ ಪಕ್ಷಪಾತ ಕರಗಿಹೋಗುತ್ತದೆ ಎನ್ನುವವರಿದ್ದಾರೆ. ಆದರೆ 1967ರಿಂದ ಹತ್ತು ಮಂದಿ ಒಪ್ಪಿದರೂ ತೀರ್ಪು ಕೊಡಬಹುದು. ಹತ್ತನೆಯವನು ಪೊಲೀಸನಾದರೆ ಅವನೊಬ್ಬನ ಮತವೇ ಆರೋಪಿಯನ್ನು ಜೈಲಿಗೆ ಕಳಿಸುತ್ತದೆ. ಅಮೆರಿಕದಂತೆ ಇಂಗ್ಲೆಂಡಿನಲ್ಲಿ ಜ್ಯೂರಿಗೆ ಬಂದವರನ್ನು ಉದ್ದಕ್ಕೂ ಪ್ರಶ್ನಿಸುವ ಪದ್ಧತಿಯಿಲ್ಲ. ಕಾರಣ ಕೊಡದೆ ಬೇಡವೆನ್ನುವ ಪ್ರತಿವಾದಿಯ ಹಕ್ಕನ್ನೂ 1988ರ ಕಾಯ್ದೆ ಕಸಿದುಕೊಂಡಿದೆ. ಹಾಗಾಗಿ ಕೂತವನು ತಾನಾಗಿ ಬಾಯಿಬಿಡದಿದ್ದರೆ ಅವನು ಯಾರೆಂದೇ ಗೊತ್ತಾಗದು.

ಇದೇ ವ್ಯವಸ್ಥೆ ಸಾಮಾನ್ಯನ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು! ವುಡ್ ಗ್ರೀನ್ ಕ್ರೌನ್ ಕೋರ್ಟಿನ ಮೊಕದ್ದಮೆಯೊಂದರಲ್ಲಿ ಜ್ಯೂರಿಯಾಗಿದ್ದ ಯುವಕನೊಬ್ಬ ಆರೋಪಿಯ ವಿರುದ್ಧ ಫೇಸ್‌ಬುಕ್‌ನಲ್ಲಿ ಹಗೆ ಕಾರಿದ. ಅವನನ್ನು ಜ್ಯೂರಿಯಿಂದ ತೆಗೆದುಹಾಕಿದರು. 2013ರಲ್ಲಿ ಎರಡು ತಿಂಗಳ ಸೆರೆವಾಸವೂ ಆಯಿತು. ಆಗಬೇಕಾದದ್ದೇ. ಆಡಿದ ಪಕ್ಷಪಾತಕ್ಕೆ ಜೈಲು, ಸಮವಸ್ತ್ರದ ನಿಷ್ಠೆಗೆ ಮಾತ್ರ ಆಸನ ಎಂದರೆ ಅದನ್ನು ನಿಷ್ಪಕ್ಷಪಾತ ಎನ್ನಲಾಗದು. ಸೇವೆಯಲ್ಲಿರುವ ಪೊಲೀಸರಿಗೂ ಸರ್ಕಾರಿ ಪ್ರಾಸಿಕ್ಯೂಟರುಗಳಿಗೂ ಹಳೆಯ ನಿಷೇಧವನ್ನು ಪಾರ್ಲಿಮೆಂಟು ಮರಳಿ ತರಬೇಕು. ಅಲ್ಲಿಯವರೆಗೆ ಪ್ರಮಾಣವಚನಕ್ಕೆ ಮುನ್ನವೇ ನ್ಯಾಯಾಧೀಶರು ಪ್ರತಿಯೊಬ್ಬರ ಉದ್ಯೋಗವನ್ನು ಕೇಳಿ, ಇಂಥವರನ್ನು ಮನೆಗೆ ಕಳಿಸಲಿ.